ಪಾರ್ಶ್ವವಾಯು: ಬಿಡುಗಡೆ ಚೀಟಿಯ ನಂತರ

2023ರ ಆಗಸ್ಟ್ 30ರ ಬೆಳಗಿನ ಜಾವ, ಆಗ ಚನ್ನಪಟ್ಟಣದ ಶಾಸಕರಾಗಿದ್ದ ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರು ಪಾರ್ಶ್ವವಾಯುವಿನ ಲಕ್ಷಣಗಳಿಂದಾಗಿ ಬೆಂಗಳೂರಿನ ಜಯನಗರದ ಖಾಸಗಿ ಆಸ್ಪತ್ರೆಯೊಂದಕ್ಕೆ ದಾಖಲಾದರು. ಕೆಲವೇ ದಿನಗಳಲ್ಲಿ ಚೇತರಿಸಿಕೊಂಡು ಹೊರಬಂದ ಅವರು, ಇದು ತಮಗೆ ದೊರೆತ ಮರುಜನ್ಮ ಎಂದು ಮಾಧ್ಯಮಗಳ ಮುಂದೆ ಹೇಳಿಕೊಂಡರು. ಲಕ್ಷಣ ಕಂಡ ಕೂಡಲೇ ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂದು ಜನರಲ್ಲಿ ವಿನಂತಿಯನ್ನೂ ಮಾಡಿದರು. ರಾಜಕಾರಣಿಗಳು ತಮ್ಮ ಕಾಯಿಲೆಯನ್ನು ಮುಚ್ಚಿಡುವುದೇ ರೂಢಿಯಾಗಿರುವ ನಾಡಿನಲ್ಲಿ ಹೀಗೆ ಬಹಿರಂಗವಾಗಿ ಮಾತನಾಡಿದ್ದು ಒಂದು ಸಾರ್ವಜನಿಕ ಉಪಕಾರವೇ ಸರಿ. ಆಸ್ಪತ್ರೆಯ ಯಾವ ಭಿತ್ತಿಪತ್ರವೂ ಮಾಡಲಾಗದಷ್ಟು ಪ್ರಚಾರವನ್ನು ಆ ಒಂದು ಪತ್ರಿಕಾಗೋಷ್ಠಿ ಮಾಡಿತು.

ಆದರೆ ಅಂದು ಅವರು ಪ್ರತಿನಿಧಿಸುತ್ತಿದ್ದ ಚನ್ನಪಟ್ಟಣದಲ್ಲಿ, ಅದಕ್ಕೆ ಹೊಂದಿಕೊಂಡಿರುವ ರಾಮನಗರ, ಕನಕಪುರ ಮತ್ತು ಮಾಗಡಿ ಸೀಮೆಯಲ್ಲಿ ಲಕ್ವ ಹೊಡೆದವರೆಲ್ಲರ ಕಥೆ ಹೀಗೆ ಮುಗಿಯುವುದಿಲ್ಲ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಆಗುವ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಔಷಧವನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಇದು ಹೆಪ್ಪೋ ರಕ್ತಸ್ರಾವವೋ ಎಂದು ಸಿ.ಟಿ. ಸ್ಕ್ಯಾನ್ ಮಾಡಿ ತಿಳಿಯಬೇಕು. ಹೃದಯಾಘಾತವಾದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ದೊರೆಯುವಂತೆ ರಾಜ್ಯ ಸರ್ಕಾರ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಮೂಲಕ ವ್ಯವಸ್ಥೆ ಮಾಡಿದೆ. ಅದೇ ಔಷಧ ಪಾರ್ಶ್ವವಾಯುವಿಗೂ ಬಳಕೆಯಲ್ಲಿದೆ. ಆದರೆ ಹೃದಯದ ವಿಷಯದಲ್ಲಿ ಒಂದು ಇ.ಸಿ.ಜಿ. ಹಾಳೆ ಹೇಳುವುದನ್ನು ಮೆದುಳಿನ ವಿಷಯದಲ್ಲಿ ಸ್ಕ್ಯಾನ್ ಯಂತ್ರ ಮತ್ತು ಅದನ್ನು ಓದಬಲ್ಲ ಕಣ್ಣು ಮಾತ್ರ ಹೇಳಬಲ್ಲವು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ರಾಮನಗರ, ಚನ್ನಪಟ್ಟಣದವರಿಗೆ ರಾಜಧಾನಿಯನ್ನು ಹತ್ತಿರ ಮಾಡಿರುವುದು ನಿಜ. ಕನಕಪುರದ ಕೋಡಿಹಳ್ಳಿ, ಸಾತನೂರು ಹೋಬಳಿಗಳ ಕಾಡಂಚಿನ ಹಳ್ಳಿಗಳಿಗೆ, ಮಾಗಡಿಯ ಕುದೂರು, ತಿಪ್ಪಸಂದ್ರದ ಒಳಹಾದಿಗಳಿಗೆ ಆ ಹೆದ್ದಾರಿಯಿಂದ ಆದ ಲಾಭ ಅಷ್ಟಕ್ಕಷ್ಟೆ. ರಾತ್ರಿ ಮಾತು ತೊದಲಿದವನನ್ನು ‘ಬೆಳಗಾಗಲಿ, ನೋಡೋಣ’ ಎಂದು ಮಲಗಿಸುವ ಮನೆಗಳು ಇಂದಿಗೂ ಕಡಿಮೆಯಿಲ್ಲ.

ಈ ಮೊದಲ ಗಂಟೆಗಳ ಬಗ್ಗೆ ಸಾಕಷ್ಟು ಬರೆಯಲಾಗಿದೆ, ಇನ್ನೂ ಬರೆಯಬೇಕಾಗಿದೆ. ಆದರೆ ಈ ಲೇಖನದ ಕಾಳಜಿ ಅನಂತರದ ಗಂಟೆಗಳದ್ದು. ನಿಖರವಾಗಿ ಹೇಳುವುದಾದರೆ ಅನಂತರದ ವರ್ಷಗಳದ್ದು. ಪಾರ್ಶ್ವವಾಯು ಒಂದು ದಿನದ ಅವಘಡ ಎಂದು ನಮ್ಮ ಆರೋಗ್ಯ ವ್ಯವಸ್ಥೆ ಭಾವಿಸಿದಂತಿದೆ. ವಿಮಾ ಯೋಜನೆಗಳು ಮುಖ್ಯವಾಗಿ ಒಳರೋಗಿಯ ಚಿಕಿತ್ಸೆಗೆಂದು ರೂಪುಗೊಂಡವು. ಬಿಡುಗಡೆ ಚೀಟಿಯ ಕೊನೆಯಲ್ಲಿ ‘ಫಿಸಿಯೋಥೆರಪಿ ಮುಂದುವರಿಸಿ, ಎರಡು ವಾರ ಬಿಟ್ಟು ಬನ್ನಿ’ ಎಂಬ ಒಂದು ಸಾಲು ಇಂಗ್ಲಿಷಿನಲ್ಲಿ ಇರುತ್ತದೆ. ಅದನ್ನು ಮುಂದುವರಿಸಬೇಕಾದವರು ಯಾರು, ಎಲ್ಲಿ, ಯಾವ ಬಸ್ಸಿನಲ್ಲಿ ಹೋಗಿ, ಯಾವ ಕೂಲಿ ಬಿಟ್ಟು ಎಂಬುದು ಚೀಟಿಯಲ್ಲಿ ಇರುವುದಿಲ್ಲ.

ಕೋಡಿಹಳ್ಳಿ ಹೋಬಳಿಯ ಐವತ್ತೈದು ವರ್ಷದ ರೇಷ್ಮೆ ಬೆಳೆಗಾರನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಬಲಗೈ, ಬಲಗಾಲು ಸೋತಿವೆ. ಮಾತು ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಕನಕಪುರದ ತಾಲ್ಲೂಕು ಆಸ್ಪತ್ರೆಗೆ ವಾರಕ್ಕೆ ಮೂರು ದಿನ ಹೋಗಬೇಕೆಂದರೆ ಹೆಂಡತಿಯೂ ಜೊತೆಗೆ ಹೋಗಬೇಕು. ಶಕ್ತಿ ಯೋಜನೆಯಿಂದ ಅವಳಿಗೆ ಬಸ್ಸು ಉಚಿತ. ಅವನಿಗೆ ಟಿಕೆಟ್ ತೆಗೆಯಬೇಕು, ಅಂಗವಿಕಲರ ರಿಯಾಯಿತಿ ಪಾಸ್ ಬೇಕೆಂದರೆ ಮೊದಲು ಪ್ರಮಾಣಪತ್ರ ಬೇಕು. ಟಿಕೆಟ್ಟಿನ ಮಾತು ಹಾಗಿರಲಿ, ಆ ಬಸ್ಸಿನ ಮೊದಲ ಮೆಟ್ಟಿಲೇ ಅವನ ಮಂಡಿಗಿಂತ ಎತ್ತರ. ಅವಳು ಮನೆ ಬಿಟ್ಟರೆ ಹುಳುವಿಗೆ ಸೊಪ್ಪು ಹಾಕುವವರಿಲ್ಲ. ನಾಲ್ಕನೇ ಜ್ವರ ದಾಟಿದ ಹುಳು ಹಸಿವು ತಡೆಯದು. ಎರಡನೇ ವಾರಕ್ಕೆ ಆಸ್ಪತ್ರೆ ನಿಲ್ಲುತ್ತದೆ. ಮೂರನೇ ವಾರ ಯಾರೋ ಹೇಳಿದ ನಾಟಿ ಔಷಧಿಗೆ, ಪಾರಿವಾಳದ ರಕ್ತದ ಮಾಲೀಸಿಗೆ ಬಾಡಿಗೆ ಕಾರು ಗೊತ್ತಾಗುತ್ತದೆ. ಆ ಕಾರಿನ ಬಾಡಿಗೆಯಲ್ಲಿ ಎಷ್ಟು ದಿನದ ಫಿಸಿಯೋಥೆರಪಿ ಆಗುತ್ತಿತ್ತು ಎಂದು ಲೆಕ್ಕ ಹಾಕಿ ಹಳ್ಳಿಯವರನ್ನು ಹಂಗಿಸುವುದು ಸುಲಭ. ಆದರೆ ನಾಟಿ ವೈದ್ಯ ಒಂದು ಕೆಲಸ ಮಾಡುತ್ತಾನೆ, ಅದನ್ನು ಒಪ್ಪಿಕೊಳ್ಳಬೇಕು. ಎಷ್ಟು ದಿನ, ಏನು ಪಥ್ಯ, ಯಾವಾಗ ಮತ್ತೆ ಬರಬೇಕು ಎಂಬುದನ್ನು ಅವನು ಕನ್ನಡದಲ್ಲಿ, ಎದುರಿಗೆ ಕೂರಿಸಿಕೊಂಡು ಹೇಳುತ್ತಾನೆ.

ವೈದ್ಯವಿಜ್ಞಾನ ಇಲ್ಲಿ ಹೇಳುವುದು ತೀರಾ ನಿಗೂಢವಾದುದೇನೂ ಅಲ್ಲ. ಸತ್ತ ಮೆದುಳಿನ ಕೋಶಗಳು ಮರಳಿ ಹುಟ್ಟುವುದಿಲ್ಲ. ಆದರೆ ಉಳಿದ ಭಾಗ, ಅಭ್ಯಾಸದಿಂದ, ಕಳೆದುಹೋದ ಕೆಲಸದಲ್ಲಿ ಒಂದಷ್ಟನ್ನು ಕಲಿತುಕೊಳ್ಳಬಲ್ಲದು. ಈ ಕಲಿಕೆ ಮೊದಲ ಮೂರು ತಿಂಗಳಲ್ಲಿ ಹೆಚ್ಚು ಚುರುಕು, ಅನಂತರ ನಿಧಾನ, ಆದರೂ ಪೂರ್ತಿ ನಿಲ್ಲುವುದಿಲ್ಲ. ಕಲಿಕೆಗೆ ಬೇಕಾದದ್ದು ದಿನಕ್ಕೆ ನೂರಾರು ಬಾರಿಯ ಪುನರಾವರ್ತನೆ. ವಾರಕ್ಕೆ ಮೂರು ದಿನ ಅರ್ಧ ಗಂಟೆ ಸಿಗುವ ಚಿಕಿತ್ಸಕನಿಂದ ಅಷ್ಟು ಪುನರಾವರ್ತನೆ, ಅವನೆಷ್ಟೇ ನಿಪುಣನಾಗಿದ್ದರೂ, ಸಾಧ್ಯವಿಲ್ಲ. ಉಳಿದ ನೂರಅರವತ್ತು ಚಿಲ್ಲರೆ ಗಂಟೆ ರೋಗಿ ಮನೆಯಲ್ಲಿದ್ದಾನೆ. ಆ ಗಂಟೆಗಳಲ್ಲಿ ಅವನು ಏನು ಮಾಡುತ್ತಾನೆ ಎಂಬುದೇ ನಿರ್ಣಾಯಕ. ‘ಸ್ವಯಂ ನಿರ್ವಹಣೆಗೆ ಬೆಂಬಲ’ ಎಂದು ಆರೋಗ್ಯ ತಜ್ಞರು ಈಚೆಗೆ ಹೇಳುತ್ತಿರುವುದರ ತಿರುಳು ಇಷ್ಟೆ: ರೋಗಿಯೇ ತನಗೆ ಮುಖ್ಯವಾದ ಒಂದು ಸಣ್ಣ ಗುರಿಯನ್ನು ಆರಿಸಿಕೊಳ್ಳುವುದು, ಅದನ್ನು ದಿನದ ಕೆಲಸಗಳಾಗಿ ಒಡೆಯುವುದು, ಎಲ್ಲಿ ಎಡವಿದೆ ಎಂದು ತಾನೇ ಗುರುತಿಸುವುದು, ಮತ್ತು ಈ ದಾರಿಯಲ್ಲಿ ತರಬೇತಾದ ಒಬ್ಬರು ನಿಯತವಾಗಿ ಅವನ ಜೊತೆಗಿರುವುದು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕೇಟ್ ಲೋರಿಗ್ ಅವರು ಸಂಧಿವಾತದ ರೋಗಿಗಳಿಗಾಗಿ ಆರಂಭಿಸಿದ ಕ್ರಮ ಇದು. ಬ್ರಿಟನ್ನಿನಲ್ಲಿ ಫಿಯೋನಾ ಜೋನ್ಸ್ ಅವರು ‘ಬ್ರಿಡ್ಜಸ್’ ಎಂಬ ಹೆಸರಿನಲ್ಲಿ ಇದನ್ನು ಪಾರ್ಶ್ವವಾಯುವಿಗೆ ಒಗ್ಗಿಸಿದರು.

ಗುರಿ ಎಂದರೆ ಏನು? ಬ್ರಿಟನ್ನಿನ ರೋಗಿ ಪಬ್ಬಿಗೆ ನಡೆದುಹೋಗುವುದನ್ನು ಗುರಿಯಾಗಿಸಿಕೊಂಡಾನು. ನಮ್ಮ ಸೀಮೆಯ ಗುರಿಗಳು ಬೇರೆ, ಅಪಾಯಗಳೂ ಬೇರೆ. ಊಟದಿಂದಲೇ ಶುರು ಮಾಡೋಣ. ಈ ನಾಲ್ಕು ತಾಲ್ಲೂಕುಗಳಲ್ಲಿ ಊಟವೆಂದರೆ ಮುದ್ದೆ. ಮುದ್ದೆಯನ್ನು ಅಗಿಯುವವರಿಲ್ಲ, ನುಂಗುತ್ತಾರೆ. ಪಾರ್ಶ್ವವಾಯುವಾದ ಅನೇಕರಲ್ಲಿ ಮೊದಲ ದಿನಗಳಲ್ಲಿ ಕೆಡುವುದೇ ಈ ನುಂಗುವ ಶಕ್ತಿ. ಗಂಟಲು ತಪ್ಪಿ ಶ್ವಾಸಕೋಶಕ್ಕೆ ಇಳಿದ ಆಹಾರ ನ್ಯುಮೋನಿಯಾ ತರುತ್ತದೆ, ಪಾರ್ಶ್ವವಾಯುವಿನಿಂದ ಬದುಕುಳಿದವರನ್ನು ಇದು ಕೊಲ್ಲುತ್ತದೆ. ಆಸ್ಪತ್ರೆಯ ಆಹಾರ ಪಟ್ಟಿಯಲ್ಲಿ ‘ಮೆದು ಆಹಾರ’ ಎಂದು ಬರೆದಿರುತ್ತದೆ. ಮನೆಯವರ ಪ್ರಕಾರ ಮುದ್ದೆಗಿಂತ ಮೆದುವಾದದ್ದು ಯಾವುದಿದೆ? ಹೋಗಲಿ ಎಂದು ನೀರು ಮಜ್ಜಿಗೆ ಕುಡಿಸಿದರೆ, ತೆಳುವಾದ ದ್ರವವೇ ಇಂಥವರಿಗೆ ಹೆಚ್ಚು ನೆತ್ತಿಗೇರುವುದು. ಮಲಗಿಸಿಕೊಂಡು ಕುಡಿಸಿದರಂತೂ ಮುಗಿಯಿತು. ನೇರವಾಗಿ ಕೂರಿಸಬೇಕು, ಗಟ್ಟಿ ಗಂಜಿಯನ್ನು ಸಣ್ಣ ತುತ್ತುಗಳಲ್ಲಿ ಕೊಡಬೇಕು, ಊಟವಾದ ಮೇಲೂ ಅರ್ಧ ಗಂಟೆ ಕೂರಿಸಿಯೇ ಇರಬೇಕು. ಯಾವುದನ್ನು ಯಾವಾಗ ಕೊಡಬಹುದೆಂದು ಬಲ್ಲವರು ಒಮ್ಮೆ ನುಂಗಿಸಿ ಪರೀಕ್ಷಿಸಿ ಹೇಳಬೇಕು. ಇದನ್ನು ಮನೆಯ ಅಡುಗೆಮನೆಯಲ್ಲಿ ನಿಂತು ಹೇಳುವವರು ಬೇಕೇ ಹೊರತು ಮುದ್ರಿತ ಪಟ್ಟಿ ಸಾಲದು.

ಬಲಗೈ ಸೋತವನಿಗೆ ಎಡಗೈಯಲ್ಲಿ ಉಣ್ಣುವುದು ನಾಚಿಕೆಯ ವಿಷಯ. ಪಂಕ್ತಿಯಲ್ಲಿ ಕೂರಲು ಹಿಂಜರಿಯುತ್ತಾನೆ, ಮದುವೆ, ಹಬ್ಬ, ತಿಥಿಗಳಿಗೆ ಹೋಗುವುದು ಬಿಡುತ್ತಾನೆ. ಮನೆಯವರು ಪ್ರೀತಿಯಿಂದಲೇ ತುತ್ತು ಮಾಡಿ ಬಾಯಿಗಿಡುತ್ತಾರೆ. ಅಲ್ಲಿಗೆ ಬಲಗೈ ಕಲಿಯುವ ಅವಕಾಶವೂ ಹೋಯಿತು. ನೆಲದ ಮೇಲಿನ ಶೌಚಾಲಯದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಏಳುವುದು ಇನ್ನೊಂದು ಕಂಟಕ. ಗೋಡೆಗೊಂದು ಕಬ್ಬಿಣದ ಹಿಡಿ, ನಡುವೆ ತೂತು ಮಾಡಿದ ಒಂದು ಪ್ಲಾಸ್ಟಿಕ್ ಕುರ್ಚಿ, ಇವಿಷ್ಟರಿಂದ ಒಬ್ಬ ಮನುಷ್ಯ ತನ್ನ ಮಾನವನ್ನು ತಾನು ಕಾಯ್ದುಕೊಳ್ಳಬಹುದು. ಕೆಲವು ನೂರು ರೂಪಾಯಿಯ ವಿಷಯ. ಇದನ್ನು ಹೇಳಿಕೊಡುವವರಿಲ್ಲದೆ ಮಗನೋ ಹೆಂಡತಿಯೋ ಪ್ರತಿದಿನ ಸೋತ ತೋಳನ್ನೇ ಹಿಡಿದು ಎಳೆದು ಎಬ್ಬಿಸುತ್ತಾರೆ. ಕೆಲವು ವಾರಗಳಲ್ಲಿ ಭುಜದ ಕೀಲು ಸಡಿಲವಾಗಿ, ರಾತ್ರಿಯಿಡೀ ನಿದ್ದೆಗೆಡಿಸುವ ನೋವು ಶುರುವಾಗುತ್ತದೆ. ಆ ನೋವು ಪಾರ್ಶ್ವವಾಯುವಿನ ಭಾಗವೆಂದೇ ಎಲ್ಲರೂ ತಿಳಿಯುತ್ತಾರೆ. ವಾಸ್ತವವಾಗಿ ಅದರಲ್ಲಿ ಬಹುಪಾಲು ತಪ್ಪಿಸಬಹುದಾದದ್ದು.

ಈ ಸೀಮೆಯ ಕಸುಬುಗಳೂ ಕೈಯನ್ನೇ ನೆಚ್ಚಿದವು. ಚನ್ನಪಟ್ಟಣದ ಗೊಂಬೆ ಕುಶಲಕರ್ಮಿ ತಿರುಗುವ ಮರಕ್ಕೆ ಉಳಿ ಹಿಡಿಯಲು, ಅರಗಿನ ಬಣ್ಣ ಮೆತ್ತಲು ಎರಡೂ ಕೈಯನ್ನು ಬಳಸುತ್ತಾನೆ. ರಾಮನಗರದ ರೀಲರ್ ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಕಾಣದಷ್ಟು ತೆಳುವಾದ ಎಳೆಯನ್ನು ಬೆರಳ ತುದಿಯಿಂದ ಹುಡುಕುತ್ತಾನೆ. ಸ್ಪರ್ಶಜ್ಞಾನ ಹೋದ ಕೈ ಆ ನೀರಿನಲ್ಲಿ ಬೆಂದರೂ ಅವನಿಗೆ ತಿಳಿಯುವುದಿಲ್ಲ. ಇಂಥವರಿಗೆ ಒಲೆ, ಬಿಸಿನೀರಿನ ಹಂಡೆಗಳ ಎಚ್ಚರ ಮೊದಲ ಪಾಠವಾಗಬೇಕು. ಆದರೆ ಇದೇ ಕಸುಬುಗಳಲ್ಲಿ ಚಿಕಿತ್ಸೆಯ ಸಾಮಗ್ರಿಯೂ ಇದೆ. ಚಂದ್ರಿಕೆಯಿಂದ ಗೂಡು ಬಿಡಿಸುವುದು, ಹೂಜಿ ಜಾಡಿಸಿ ವಿಂಗಡಿಸುವುದು, ಅವರೆಕಾಯಿ ಸುಲಿಯುವುದು, ಮರದ ಮಣಿ ಪೋಣಿಸುವುದು ಎಲ್ಲವೂ ಬೆರಳಿಗೆ ಕಸರತ್ತೇ. ನಗರದ ಪುನರ್ವಸತಿ ಕೇಂದ್ರಗಳಲ್ಲಿ ರಬ್ಬರ್ ಚೆಂಡು ಹಿಸುಕಿಸುತ್ತಾರೆ. ಮೂರು ದಿನಕ್ಕೆ ಬೇಸರ ಬರುತ್ತದೆ. ಮನೆಗೆ ನಾಲ್ಕು ಕಾಸು ತರುವ ಕೆಲಸದಲ್ಲಿ ಎಡಗೈಗೆ ಬಲಗೈ ಆಸರೆಯಾದರೂ ಆದೀತು ಎಂಬ ಆಸೆಯಿಂದ ಮಾಡುವ ಅಭ್ಯಾಸಕ್ಕೆ ಆ ಬೇಸರ ಕಡಿಮೆ.

ಇಷ್ಟು ಹೇಳಿದ ಮೇಲೆ ಒಂದು ಕಹಿ ಸತ್ಯವನ್ನೂ ಓದುಗರ ಮುಂದಿಡಬೇಕು. ‘ಕುಟುಂಬಕ್ಕೆ ಕಲಿಸಿಕೊಟ್ಟರೆ ಸಾಕು, ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ’ ಎಂಬ ಆಶಾವಾದವನ್ನು ಭಾರತದಲ್ಲೇ ಕಟ್ಟುನಿಟ್ಟಾಗಿ ಪರೀಕ್ಷಿಸಿ ನೋಡಲಾಗಿದೆ. ‘ಅಟೆಂಡ್’ ಎಂಬ ಹೆಸರಿನ ಆ ಪ್ರಯೋಗದಲ್ಲಿ ದೇಶದ 14 ಆಸ್ಪತ್ರೆಗಳ 1,250 ರೋಗಿಗಳಿದ್ದರು. ಅರ್ಧದಷ್ಟು ಮಂದಿಯ ಕುಟುಂಬದವರಿಗೆ ಆಸ್ಪತ್ರೆಯಲ್ಲೇ ಪುನಶ್ಚೇತನದ ತರಬೇತಿ ಕೊಟ್ಟು, ಮನೆಗೂ ಭೇಟಿ ನೀಡಲಾಯಿತು. ಉಳಿದವರಿಗೆ ಎಂದಿನ ಚಿಕಿತ್ಸೆ ಮಾತ್ರ. 2017ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಅನೇಕರಿಗೆ ಆಘಾತ ತಂದಿತು. ಆರು ತಿಂಗಳ ನಂತರ ಎರಡೂ ಗುಂಪುಗಳಲ್ಲಿ ಶೇ 47ರಷ್ಟು ಮಂದಿ ಮೃತಪಟ್ಟಿದ್ದರು ಇಲ್ಲವೇ ಪರಾವಲಂಬಿಗಳಾಗಿದ್ದರು. ವ್ಯತ್ಯಾಸವೇ ಇರಲಿಲ್ಲ. ಮುಂದೆ 2023ರಲ್ಲಿ ‘ಸ್ಪ್ರಿಂಟ್ ಇಂಡಿಯಾ’ ಪ್ರಯೋಗದ ವರದಿ ಬಂತು. 31 ಕೇಂದ್ರಗಳ 4,298 ರೋಗಿಗಳು; 12 ಭಾಷೆಗಳಲ್ಲಿ ಮೊಬೈಲ್ ಸಂದೇಶ, ವಿಡಿಯೊ, ಅಭ್ಯಾಸ ಪುಸ್ತಕ. ಒಂದು ವರ್ಷದಲ್ಲಿ ಮತ್ತೆ ಪಾರ್ಶ್ವವಾಯು ಅಥವಾ ಹೃದಯಾಘಾತವಾಗುವುದನ್ನು ಅದು ಕಡಿಮೆ ಮಾಡಲಿಲ್ಲ. ಮದ್ಯ ಬಿಡುವುದು, ಮಾತ್ರೆ ತಪ್ಪದೆ ನುಂಗುವುದು ಮುಂತಾದ ವಿಷಯಗಳಲ್ಲಿ ಮಾತ್ರ ತುಸು ಸುಧಾರಣೆ ಕಂಡಿತು.

ಈ ಎರಡು ಫಲಿತಾಂಶಗಳನ್ನು ಹಿಡಿದು ‘ಇದೆಲ್ಲ ನಿರರ್ಥಕ’ ಎಂದು ಕೈಚೆಲ್ಲುವವರಿದ್ದಾರೆ. ಅದು ಆತುರದ ತೀರ್ಮಾನವೆಂದು ನನಗೆ ಅನಿಸುತ್ತದೆ. ಅಟೆಂಡ್ ಪರೀಕ್ಷಿಸಿದ್ದು ಏನನ್ನು? ಚಿಕಿತ್ಸಕನ ಕೆಲಸವನ್ನು ಅಲ್ಪಕಾಲದಲ್ಲಿ ಮನೆಯವರ ಕೈಗೆ ದಾಟಿಸುವುದನ್ನು. ಗಂಡನಿಗೆ ಲಕ್ವ ಹೊಡೆದ ವಾರದಲ್ಲೇ, ಆಸ್ಪತ್ರೆಯ ಬಿಲ್ಲು, ಮನೆಯ ಹಸು, ಮಕ್ಕಳ ಶಾಲೆ ಎಲ್ಲವೂ ತಲೆಯ ಮೇಲಿರುವ ಹೆಂಗಸಿಗೆ ಇನ್ನೊಂದು ಹೊರೆ ಹೊರಿಸಿದರೆ ಅವಳು ಎಷ್ಟನ್ನು ತಾನೇ ಹೊತ್ತಾಳು? ಸ್ವಯಂ ನಿರ್ವಹಣೆಯ ಮಾತಿನಲ್ಲಿ ‘ಸ್ವಯಂ’ ಎಂಬುದು ರೋಗಿಯನ್ನು ಕುರಿತದ್ದು. ನಮ್ಮಲ್ಲಿ ಅದು ಸದ್ದಿಲ್ಲದೆ ಹೆಂಡತಿ, ಸೊಸೆ, ಮಗಳಿಗೆ ವರ್ಗವಾಗುತ್ತದೆ. ಸ್ಪ್ರಿಂಟ್ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಅಲ್ಲಿ ಸೇರಿದವರು ಹೆಸರಾಂತ ಕೇಂದ್ರಗಳ ರೋಗಿಗಳು; ವಿಶೇಷ ಸಂದೇಶ ತಲುಪದ ಗುಂಪಿನಲ್ಲೂ ಹತ್ತರಲ್ಲಿ ಒಂಬತ್ತು ಮಂದಿ ಮಾತ್ರೆಯನ್ನು ಸರಿಯಾಗಿಯೇ ತೆಗೆದುಕೊಳ್ಳುತ್ತಿದ್ದರು. ಈಗಾಗಲೇ ಓದುತ್ತಿರುವ ವಿದ್ಯಾರ್ಥಿಗೆ ಪಾಠ ಹೇಳಿ ಅಂಕ ಹೆಚ್ಚಲಿಲ್ಲ ಎಂದಂತಾಯಿತು. ತಿಪ್ಪಸಂದ್ರದ ರೋಗಿ ಅಂಥ ಕೇಂದ್ರದ ಮೆಟ್ಟಿಲನ್ನೇ ಹತ್ತಿರುವುದಿಲ್ಲ. ‘ಬಿ.ಪಿ. ನಾರ್ಮಲ್ ಬಂತು’ ಎಂದು ಮಾತ್ರೆ ನಿಲ್ಲಿಸುವವನು ಅವನು. ಮಾತ್ರೆಯಿಂದಲೇ ಅದು ನಾರ್ಮಲ್ ಬಂದದ್ದು ಎಂದು ಅವನಿಗೆ ಯಾರೂ ಹೇಳಿಲ್ಲ.

ಇನ್ನು ಸ್ವಯಂ ನಿರ್ವಹಣಾ ಕಾರ್ಯಕ್ರಮಗಳ 14 ಪ್ರಯೋಗಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಸಮೀಕ್ಷೆ, ಇವು ರೋಗಿಯ ಜೀವನದ ಗುಣಮಟ್ಟವನ್ನೂ ಆತ್ಮವಿಶ್ವಾಸವನ್ನೂ ಹೆಚ್ಚಿಸುತ್ತವೆ ಎಂದಿತು. ಆದರೆ ಆ ಪ್ರಯೋಗಗಳ ಹಿನ್ನೆಲೆಯಲ್ಲಿ ಬಹುಮಟ್ಟಿಗೆ ಶ್ರೀಮಂತ ದೇಶಗಳ ಭದ್ರವಾದ ಚಿಕಿತ್ಸಾ ವ್ಯವಸ್ಥೆ ಇತ್ತು ಎಂಬುದನ್ನು ಮರೆಯುವಂತಿಲ್ಲ. ಅಲ್ಲಿ ಸ್ವಯಂ ನಿರ್ವಹಣೆ ಚಿಕಿತ್ಸೆಯ ಮೇಲಿನ ಸೇರ್ಪಡೆ. ಇಲ್ಲಿ ಅದನ್ನು ಚಿಕಿತ್ಸೆಯ ಬದಲಿಗೆ ತಂದಿಟ್ಟರೆ ಸರ್ಕಾರ ಜವಾಬ್ದಾರಿಯಿಂದ ಜಾರಿಕೊಳ್ಳಲು ಒಂದು ಚಂದದ ಶಬ್ದ ಸಿಕ್ಕಂತಾಗುತ್ತದೆ, ಅಷ್ಟೆ.

ಹಾಗಾದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಕೈಗೆಟುಕುವ ಬೆಂಬಲ ಯಾವುದು? ಹೊಸದೊಂದು ಯೋಜನೆ ಘೋಷಿಸುವ ಮೊದಲು ಇರುವವರನ್ನು ಎಣಿಸಿ ನೋಡಬಹುದು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಗೌರವಧನದ ಮೇಲೆ ದುಡಿಯುವ ಇವರು ಸ್ವತಃ ಅಂಗವೈಕಲ್ಯವುಳ್ಳವರು. ಬೇರೆ ಹಲವು ರಾಜ್ಯಗಳಿಗೆ ಇಲ್ಲದ ಆಸ್ತಿ ಇದು. ಆದರೆ ಇವರ ಸಮಯ ಹೆಚ್ಚಾಗಿ ಅರ್ಜಿ, ಗುರುತಿನ ಚೀಟಿ, ಪಿಂಚಣಿಗಳ ಓಡಾಟದಲ್ಲಿ ಕಳೆಯುತ್ತದೆ. ಇವರು ಅಂಗವಿಕಲರ ಸಬಲೀಕರಣ ಇಲಾಖೆಯ ಕಡೆಯವರು. ಆಶಾ ಕಾರ್ಯಕರ್ತೆ ಮತ್ತು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಆರೋಗ್ಯ ಇಲಾಖೆಯವರು. ಒಂದೇ ಬೀದಿಯಲ್ಲಿ ಓಡಾಡುವ ಮೂವರನ್ನು ಒಂದೇ ಮನೆಗೆ ಸೇರಿಸುವ ಆದೇಶ ಯಾವ ಕಡತದಲ್ಲೂ ಹುಟ್ಟುವುದಿಲ್ಲ. ಎಡಗೈಯಲ್ಲಿ ಉಣ್ಣಲು ನಾಚುವವನಿಗೆ, ಊರುಗೋಲು ಹಿಡಿದು ಪಂಚಾಯಿತಿಗೆ ಬಂದು ಸಂಸಾರ ನಡೆಸುತ್ತಿರುವ ಇನ್ನೊಬ್ಬ ಹೇಳುವ ಮಾತಿಗೆ ಇರುವ ಬೆಲೆ ವೈದ್ಯನ ಮಾತಿಗೆ ಇರಲಾರದು ಎಂಬುದು ಇಲಾಖೆಗಳಿಗೆ ಹೊಳೆದಂತಿಲ್ಲ.

2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭವಾಗಿ ಅನಂತರ ಇತರ ಜಿಲ್ಲೆಗಳಿಗೂ ವಿಸ್ತರಿಸಿದ ‘ಗೃಹ ಆರೋಗ್ಯ’ ಯೋಜನೆ ಮನೆಬಾಗಿಲಿಗೆ ಹೋಗಿ ರಕ್ತದೊತ್ತಡ, ಮಧುಮೇಹ ತಪಾಸಣೆ ಮಾಡುವಂಥದ್ದು. ಪಾರ್ಶ್ವವಾಯುವಿನ ಅತಿ ದೊಡ್ಡ ಕಾರಣ ಅಧಿಕ ರಕ್ತದೊತ್ತಡವೇ ಆಗಿರುವುದರಿಂದ ಇದು ಸರಿಯಾದ ಹೆಜ್ಜೆ. ಆದರೆ ಆ ಬಾಗಿಲಿಗೆ ಹೋದವರು ಒಳಗೆ ಮಂಚದ ಮೇಲೆ ಮಲಗಿರುವವನನ್ನು ಏನೆಂದು ಬರೆದುಕೊಳ್ಳುತ್ತಾರೆ? ಅವನಿಗೆ ಬಿ.ಪಿ. ಇದೆಯೆಂದು ಆಗಲೇ ಗೊತ್ತಿದೆ, ಆದ್ದರಿಂದ ಪತ್ತೆಯ ಲೆಕ್ಕಕ್ಕೆ ಅವನು ಬಾರದವನು. ಒಮ್ಮೆ ಪಾರ್ಶ್ವವಾಯು ಆದವನಿಗೆ ಮತ್ತೆ ಆಗುವ ಸಂಭವ ಉಳಿದವರಿಗಿಂತ ಬಹಳ ಹೆಚ್ಚು. ಎಲ್ಲರಿಗಿಂತ ಮೊದಲು ತಲುಪಬೇಕಾದ ಮನೆ ಅದು.

ಇಲ್ಲೊಂದು ಸಣ್ಣ ವಿಪರ್ಯಾಸವನ್ನು ಹೇಳದೆ ಇರಲಾಗದು. 2010ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದ ಹೆಸರಿನಲ್ಲಿ ಕ್ಯಾನ್ಸರ್, ಮಧುಮೇಹ, ಹೃದ್ರೋಗಗಳ ಜೊತೆಗೆ ಪಾರ್ಶ್ವವಾಯುವೂ ಇತ್ತು. 2023ರಲ್ಲಿ ಆ ಹೆಸರನ್ನು ‘ಅಸಾಂಕ್ರಾಮಿಕ ರೋಗಗಳ’ ಕಾರ್ಯಕ್ರಮ ಎಂದು ಮೊಟಕುಗೊಳಿಸಲಾಯಿತು. ಹೆಸರು ಹೋದರೆ ಕೆಲಸ ನಿಲ್ಲಬೇಕೆಂದೇನೂ ಇಲ್ಲ. ಆದರೂ ಸರ್ಕಾರಿ ಕಡತಗಳಲ್ಲಿ ಹೆಸರಿಲ್ಲದ ರೋಗಕ್ಕೆ ಲೆಕ್ಕಶೀರ್ಷಿಕೆ ಸಿಗುವುದು ಕಷ್ಟ ಎಂಬುದು ಆಡಳಿತ ಬಲ್ಲವರಿಗೆಲ್ಲ ಗೊತ್ತು. ರಾಜ್ಯದಲ್ಲಿ ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಮೂರು ಕಡೆ ಪ್ರಾಯೋಗಿಕವಾಗಿ ಶುರುವಾದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ ತಲೆನೋವು, ಅಪಸ್ಮಾರ, ಮರೆವಿನ ಕಾಯಿಲೆಗಳ ಜೊತೆ ಪಾರ್ಶ್ವವಾಯುವನ್ನೂ ಒಳಗೊಂಡದ್ದು. ಜಿಲ್ಲಾ ಆಸ್ಪತ್ರೆಯ ಮೆದುಳು ಆರೋಗ್ಯ ಕ್ಲಿನಿಕ್ಕಿಗೆ ಬಂದ ರೋಗಿಯ ವಿವರ ಅವನ ಊರಿನ ಉಪಕೇಂದ್ರಕ್ಕೆ ಆ ವಾರದಲ್ಲೇ ತಲುಪುವಂತಾದರೆ ಅರ್ಧ ಕೆಲಸ ಆದಂತೆಯೇ.

ಮಾತು ಕಳೆದುಕೊಂಡವರ ಪಾಡು ಪ್ರತ್ಯೇಕವಾಗಿ ಹೇಳಬೇಕಾದದ್ದು. ಮೆದುಳಿನ ಎಡಭಾಗಕ್ಕೆ ಪೆಟ್ಟಾದವರಲ್ಲಿ ಅನೇಕರಿಗೆ ಬುದ್ಧಿ ನೆಟ್ಟಗಿದ್ದೂ ಮಾತು ಹೊರಡುವುದಿಲ್ಲ. ಹಳ್ಳಿಯಲ್ಲಿ ‘ಬುದ್ಧಿ ಭ್ರಮಣೆ ಆಗಿದೆ’ ಎಂದುಬಿಡುತ್ತಾರೆ. ಜಮೀನು ಪಾಲು, ಬ್ಯಾಂಕಿನ ರುಜು, ಮಗಳ ಮದುವೆ ಯಾವುದಕ್ಕೂ ಅವನನ್ನು ಕೇಳುವವರಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾತು ಮತ್ತು ಭಾಷೆಯ ಅಂಗವೈಕಲ್ಯವೂ ಒಂದು, ಅದರ ವ್ಯಾಖ್ಯೆಯಲ್ಲಿ ನರಸಂಬಂಧಿ ಕಾರಣದಿಂದ ಭಾಷೆ ಕಳೆದುಕೊಳ್ಳುವ ಅಫೇಸಿಯಾದ ಹೆಸರೂ ಇದೆ. ಕೈಕಾಲು ನೋಡಿ ಶೇಕಡಾವಾರು ಬರೆಯುವ ಪ್ರಮಾಣಪತ್ರ ಶಿಬಿರಗಳಲ್ಲಿ ಇದನ್ನು ಕೇಳಿ ಪಡೆಯಬೇಕೆಂದು ಎಷ್ಟು ಕುಟುಂಬಗಳಿಗೆ ಗೊತ್ತು? ಕೇಳಬೇಕಾದವನಿಗೇ ಮಾತಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ವಯಸ್ಕರಿಗಾಗಿ ಕನ್ನಡದಲ್ಲೇ ಚಿಕಿತ್ಸಾ ಕೈಪಿಡಿಯನ್ನು ಸಿದ್ಧಪಡಿಸಿದೆ. ಹೆದ್ದಾರಿಯ ಒಂದು ತುದಿಗೆ ನಿಮ್ಹಾನ್ಸ್, ಇನ್ನೊಂದು ತುದಿಗೆ ವಾಕ್ ಶ್ರವಣ ಸಂಸ್ಥೆ. ನಡುವೆ ರಾಮನಗರ, ಚನ್ನಪಟ್ಟಣ. ದೇಶದ ಎರಡು ಶ್ರೇಷ್ಠ ಸಂಸ್ಥೆಗಳ ನಟ್ಟನಡುವೆ ಇದ್ದು ಮಾತು ಕಲಿಸುವವರಿಲ್ಲದೆ ಕುಳಿತಿರುವ ಸ್ಥಿತಿಯನ್ನು ದೂರದ ಬೀದರಿನವರು ಕೇಳಿದರೆ ನಂಬಲಿಕ್ಕಿಲ್ಲ. ತಿಂಗಳಿಗೆ ಎರಡು ದಿನ ಒಬ್ಬ ವಾಕ್‌ಚಿಕಿತ್ಸಕರು ತಾಲ್ಲೂಕು ಆಸ್ಪತ್ರೆಗೆ ಬಂದು, ಉಳಿದ ದಿನಗಳಿಗೆ ಮನೆಯ ಪಾಠವನ್ನು ಮೊಬೈಲ್ ಮೂಲಕ ನೋಡಿಕೊಳ್ಳುವಂತಾದರೆ ಅದಕ್ಕೆ ಹೊಸ ಕಟ್ಟಡವೇನೂ ಬೇಡ.

ಕಟ್ಟಡದ ಮಾತು ಬಂದದ್ದರಿಂದ ಒಂದು ಪ್ರಸ್ತಾಪ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಹುಟ್ಟಿದ ಈ ಜಿಲ್ಲೆಯಲ್ಲಿ ಆರೋಗ್ಯದ ಚರ್ಚೆ ಎಂದರೆ ವೈದ್ಯಕೀಯ ಕಾಲೇಜಿನ ಚರ್ಚೆ. ಕಾಲೇಜು ರಾಮನಗರಕ್ಕೋ ಕನಕಪುರಕ್ಕೋ ಎಂಬ ವಿವಾದ 2023ರ ಸೆಪ್ಟೆಂಬರ್‌ನಲ್ಲಿ ರಾಮನಗರ ಬಂದ್ ಆಗುವವರೆಗೆ ಹೋಯಿತು. ಆಮೇಲೆ ಜಿಲ್ಲೆಯ ಹೆಸರಿನ ಜಗಳ. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ಅದನ್ನು ‘ಬೆಂಗಳೂರು ದಕ್ಷಿಣ’ ಎಂದು ಬದಲಿಸಲು ಒಪ್ಪಿತು. ಕಾಲೇಜು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಂದ್ ಮಾಡಿದವರಾಗಲಿ, ಬಂದ್ ವಿರೋಧಿಸಿದವರಾಗಲಿ, ನಮ್ಮ ಹೋಬಳಿಗೊಬ್ಬ ಫಿಸಿಯೋಥೆರಪಿಸ್ಟ್ ಬೇಕೆಂದು ಫಲಕ ಹಿಡಿದದ್ದನ್ನು ನಾನು ಕಂಡಿಲ್ಲ. 2024ರಲ್ಲಿ ಈ ನಾಲ್ಕೂ ತಾಲ್ಲೂಕುಗಳ ಜನ ಸಂಸತ್ತಿಗೆ ಕಳಿಸಿದ್ದು ಜಯದೇವ ಹೃದ್ರೋಗ ಸಂಸ್ಥೆಯನ್ನು ವರ್ಷಾನುಗಟ್ಟಲೆ ಮುನ್ನಡೆಸಿದ ಡಾ. ಸಿ.ಎನ್. ಮಂಜುನಾಥ್ ಅವರನ್ನು. ಬಡವರಿಗೆ ದುಬಾರಿ ಚಿಕಿತ್ಸೆಯನ್ನು ತಲುಪಿಸಬಹುದೆಂದು ತೋರಿಸಿಕೊಟ್ಟ ವೈದ್ಯರವರು. ಅಗ್ಗದ ಚಿಕಿತ್ಸೆಯನ್ನು ತಲುಪಿಸುವುದು ಅದಕ್ಕಿಂತ ಕಷ್ಟದ ಕೆಲಸ. ಅದಕ್ಕೆ ಯಂತ್ರ ಕೊಳ್ಳುವ ಟೆಂಡರು ಇರುವುದಿಲ್ಲ, ಉದ್ಘಾಟನೆಯ ರಿಬ್ಬನ್ನೂ ಇರುವುದಿಲ್ಲ.

ಪಕ್ಕದ ಕೇರಳದ ಅನುಭವ ಇಲ್ಲಿ ದಾರಿ ತೋರಬಲ್ಲದು. 1993ರಲ್ಲಿ ಕೋಳಿಕ್ಕೋಡಿನಲ್ಲಿ ಕ್ಯಾನ್ಸರ್ ರೋಗಿಗಳ ನೋವು ನಿವಾರಣೆಗೆಂದು ಶುರುವಾದ ಚಳವಳಿ ಕ್ರಮೇಣ ಮಲಗಿದಲ್ಲೇ ಇರುವ ಎಲ್ಲರನ್ನೂ, ಪಾರ್ಶ್ವವಾಯು ಪೀಡಿತರನ್ನೂ, ಒಳಗೊಂಡಿತು. 2008ರಲ್ಲಿ ಅಲ್ಲಿನ ಸರ್ಕಾರ ಅದಕ್ಕೊಂದು ನೀತಿ ರೂಪಿಸಿತು. ಸ್ಥಳೀಯ ಪಂಚಾಯಿತಿಗಳು ಮನೆಗೆ ಹೋಗುವ ದಾದಿಯ ವೆಚ್ಚವನ್ನು ತಮ್ಮ ಯೋಜನಾ ಹಣದಿಂದ ಭರಿಸತೊಡಗಿದವು. ನೆರೆಹೊರೆಯ ಸ್ವಯಂಸೇವಕರು ವಾರಕ್ಕೆ ಕೆಲವು ಗಂಟೆ ಕೊಡುತ್ತಾರೆ. ಕೇರಳದ ಸಾಮಾಜಿಕ ಹಿನ್ನೆಲೆ ಬೇರೆ ಎಂಬ ವಾದ ಇದ್ದೇ ಇದೆ. ಆದರೆ ನಮ್ಮ ಹಾಲಿನ ಡೇರಿಗಳು ಹಳ್ಳಿಹಳ್ಳಿಯಲ್ಲೂ ದಿನಕ್ಕೆರಡು ಬಾರಿ ಜನರನ್ನು ಸೇರಿಸುತ್ತಿವೆ, ಸ್ತ್ರೀಶಕ್ತಿ ಸಂಘಗಳು ವಾರವಾರ ಲೆಕ್ಕ ಬರೆಯುತ್ತಿವೆ. ತಿಂಗಳಿಗೊಮ್ಮೆ ಹೋಬಳಿ ಕೇಂದ್ರದಲ್ಲಿ ಪಾರ್ಶ್ವವಾಯುವಾದವರು ಮತ್ತು ಅವರನ್ನು ನೋಡಿಕೊಳ್ಳುವವರು ಒಟ್ಟಿಗೆ ಕೂರುವ ಒಂದು ಮಧ್ಯಾಹ್ನ ಅಸಾಧ್ಯವೇ? ಪಾರ್ಶ್ವವಾಯುವಿನ ನಂತರ ಸುಮಾರು ಮೂವರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆ. ‘ಯಾಕಾದರೂ ಉಳಿದೆನೋ’ ಎನ್ನುವವನಿಗೆ ಮಾತ್ರೆಯ ಜೊತೆಗೆ ತನ್ನಂಥವರು ನಾಲ್ಕು ಜನ ಕಾಣುವುದೂ ಬೇಕು. ನೋಡಿಕೊಳ್ಳುವ ಹೆಂಗಸಿಗಂತೂ ಮನೆ ಬಿಟ್ಟು ಹೊರಗೆ ಕೂರುವ ಎರಡು ಗಂಟೆಯೇ ಚಿಕಿತ್ಸೆ.

ಇದಕ್ಕೆಲ್ಲ ಆರಂಭದ ಹೆಜ್ಜೆ ತೀರಾ ಸಣ್ಣದು. ಈ ನಾಲ್ಕು ತಾಲ್ಲೂಕುಗಳಲ್ಲಿ, ಈಗ ಕನಕಪುರದಿಂದ ಪ್ರತ್ಯೇಕಗೊಂಡಿರುವ ಹಾರೋಹಳ್ಳಿಯನ್ನೂ ಸೇರಿಸಿ, ಪಾರ್ಶ್ವವಾಯುವಿನ ಪರಿಣಾಮಗಳೊಂದಿಗೆ ಎಷ್ಟು ಮಂದಿ ಬದುಕುತ್ತಿದ್ದಾರೆ, ಯಾವ ಊರಿನಲ್ಲಿ, ಯಾರ ಆಸರೆಯಲ್ಲಿ ಎಂಬ ಪಟ್ಟಿ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 10.8 ಲಕ್ಷದಷ್ಟಿತ್ತು, ಅಷ್ಟು ಜನರ ಮನೆಬಾಗಿಲಿಗೆ ಹೋಗುವ ಆಶಾ ಕಾರ್ಯಕರ್ತೆಯರು ಗರ್ಭಿಣಿಯರ, ಬಾಣಂತಿಯರ, ಲಸಿಕೆ ಬಾಕಿಯಿರುವ ಮಕ್ಕಳ ಹೆಸರುಗಳನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದಾರೆ. ಯಾವ ಮನೆಯಲ್ಲಿ ಲಕ್ವ ಹೊಡೆದವರಿದ್ದಾರೆ ಎಂಬುದೂ ಅವರಿಗೆ ಗೊತ್ತು. ಅವರ ವಹಿಯಲ್ಲಿ ಅದಕ್ಕೊಂದು ಅಂಕಣವನ್ನು ಗೆರೆ ಎಳೆದು ಕೊಡಬೇಕಾಗಿದೆ. ಜೊತೆಗೆ, ಅವರ ಮೇಲೆ ಈಗಾಗಲೇ ಇರುವ ಅಂಕಣಗಳ ಹೊರೆಯನ್ನು ನೋಡಿದರೆ, ಆ ಕೆಲಸಕ್ಕೆ ತಕ್ಕ ಗೌರವಧನವನ್ನೂ.